ಕಲ್ಲನ್ನು ಓದಿದ ಬ್ರೂಸ್ ಫೂಟ್

ದೊಮ್ಮಲೂರಿನ ಚೊಕ್ಕನಾಥಸ್ವಾಮಿಯ ಗುಡಿಯ ಮೆಟ್ಟಿಲುಗಳನ್ನು ನಾನು ಬಾಲ್ಯದಿಂದಲೂ ತುಳಿದು ಬೆಳೆದವನು. ಊರಿನ ಹೆಸರು ಅಲ್ಲಿಯ ತಮಿಳು ಶಾಸನಗಳಲ್ಲಿ ತೊಂಬಲೂರು ಎಂದಿದೆಯೆಂದೂ, ಹೊಯ್ಸಳರ ಕಾಲದ ದಾನದತ್ತಿಗಳು ಆ ಗುಡಿಯ ಕಲ್ಲುಗಳ ಮೇಲೆಯೇ ಇವೆಯೆಂದೂ, ರೈಸ್ ಸಾಹೇಬರು ಅವನ್ನು 1905ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರೆಂದೂ ಹಿರಿಯರಿಂದ ಕೇಳಿ ತಿಳಿದಿದ್ದೆ. ಆದರೆ ಅಕ್ಷರಗಳನ್ನು ಹೊತ್ತು ನಿಂತ ಆ ಕಲ್ಲಿಗೂ ತನ್ನದೇ ಆದ ಒಂದು ಬರವಣಿಗೆಯುಂಟು, ಅದು ಹೊಯ್ಸಳರಿಗಿಂತ ಕೋಟ್ಯಂತರ ವರ್ಷ ಹಳೆಯದು ಎಂಬುದು ಕಾಲೇಜಿನಲ್ಲಿ ಭೂವಿಜ್ಞಾನವನ್ನು ಓದತೊಡಗುವವರೆಗೆ ನನ್ನ ಮನಸ್ಸಿಗೆ ಹೊಳೆದಿರಲಿಲ್ಲ.

ಆ ವರ್ಷ ನಮ್ಮ ಮನೆಗೆ ಒಂದು ಕೋಣೆಯನ್ನು ಸೇರಿಸಿ ಕಟ್ಟಿಸುತ್ತಿದ್ದರು. ತಳಪಾಯಕ್ಕೆಂದು ಸೈಜುಗಲ್ಲುಗಳು ಬಂದು ಬಿದ್ದಿದ್ದವು. ಅವನ್ನು ಹದಗೊಳಿಸುತ್ತಿದ್ದ ಮುದುಕನು ಪ್ರತಿಯೊಂದು ಕಲ್ಲನ್ನೂ ಮೊದಲು ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಅದರ ದನಿಯನ್ನು ಕೇಳಿ, ಒಂದೆರಡು ಸಲ ಹೊರಳಿಸಿ ನೋಡಿ, ಬಳಿಕ ಒಂದೇ ಏಟಿಗೆ ತನಗೆ ಬೇಕಾದ ಕಡೆ ಸೀಳುತ್ತಿದ್ದನು. ಆತನಿಂದ ಅಂಗೈಯಗಲದ ಒಂದು ಚಕ್ಕೆಯನ್ನು ಕೇಳಿ ಪಡೆದು ಕಾಲೇಜಿಗೆ ಒಯ್ದೆ. ಶಿಲೆಗಳನ್ನು ಪರೀಕ್ಷಿಸುವ ಸೂಕ್ಷ್ಮದರ್ಶಕದ ಕೆಳಗೆ ನಾನು ಮೊದಲು ನೋಡಿದ ಕಲ್ಲು ಅದೇ.

ನೋಡುವುದಕ್ಕೆ ಮುಂಚೆ ಅರೆಯಬೇಕು. ದಪ್ಪ ಗಾಜಿನ ಹಲಗೆಯ ಮೇಲೆ ಕಾರ್ಬೊರಂಡಮ್ ಪುಡಿಯನ್ನು ನೀರಿನಲ್ಲಿ ಕಲಸಿ, ಚಕ್ಕೆಯ ಒಂದು ಮಗ್ಗುಲನ್ನು ನುಣುಪಾಗುವವರೆಗೆ ಉಜ್ಜಬೇಕು. ಆ ಮಗ್ಗುಲನ್ನು ಕೆನಡಾ ಬಾಲ್ಸಮ್ ಎಂಬ ಮರದ ಅಂಟಿನಿಂದ ಗಾಜಿನ ಪಟ್ಟಿಗೆ ಅಂಟಿಸಿ ಇನ್ನೊಂದು ಮಗ್ಗುಲನ್ನು ಅರೆಯುತ್ತ ಹೋಗಬೇಕು. ಕಲ್ಲಿನ ದಪ್ಪ 0.03 ಮಿಲಿಮೀಟರಿಗೆ ಇಳಿದಾಗ, ಕೋಟೆ ಕಟ್ಟುವಷ್ಟು ಗಟ್ಟಿಯಾದ ಆ ವಸ್ತು ಎಣ್ಣೆಕಾಗದದಂತೆ ಬೆಳಕನ್ನು ಬಿಡತೊಡಗುತ್ತದೆ. ದಪ್ಪವನ್ನು ಅಳೆಯಲು ಬೇರೆ ಸಾಧನ ಬೇಕಿಲ್ಲ. ಕಲ್ಲಿನೊಳಗಿನ ಬೆಣಚೇ ಅಳತೆಗೋಲು. ಅಡ್ಡಹಾಯ್ದ ಎರಡು ನಿಕೋಲ್‌ಗಳ ನಡುವೆ ಬೆಣಚು ಹಳದಿಯಾಗಿ ಕಂಡರೆ ಇನ್ನೂ ಅರೆಯಬೇಕು. ಬೂದುಬಿಳುಪಿಗೆ ತಿರುಗಿದರೆ ಕೈಯನ್ನು ತಡೆಯಬೇಕು. ಆ ಕ್ಷಣವನ್ನು ಅರಿಯದೆ ನಾನು ಮೊದಲ ಎರಡು ಚಕ್ಕೆಗಳನ್ನು ಪೂರ್ತಿಯಾಗಿ ಅರೆದು ಬರಿಯ ಗಾಜನ್ನು ಉಳಿಸಿಕೊಂಡೆ.

ನಿಕೋಲ್ ಎಂದರೆ ಎಡಿನ್‌ಬರೋದ ವಿಲಿಯಮ್ ನಿಕೋಲ್ 1828ರಲ್ಲಿ ಐಸ್‌ಲ್ಯಾಂಡಿನ ಸುಣ್ಣಸ್ಫಟಿಕದಿಂದ ರಚಿಸಿದ ಪಟ್ಟಕ. ಅದರೊಳಗೆ ಹಾಯ್ದ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಇಂದಿನ ಸೂಕ್ಷ್ಮದರ್ಶಕಗಳಲ್ಲಿ ಅದರ ಸ್ಥಾನದಲ್ಲಿ ಪೊಲರಾಯ್ಡ್ ಹಾಳೆ ಬಂದು ಕುಳಿತಿದ್ದರೂ ಹೆಸರು ಮಾತ್ರ ಅಳಿಸಿಲ್ಲ. ಷೆಫೀಲ್ಡಿನ ಹೆನ್ರಿ ಸೋರ್ಬಿ ಎಂಬಾತನು 1849ರಿಂದ ಕಲ್ಲುಗಳನ್ನು ಹೀಗೆ ತೆಳುವಾಗಿ ಅರೆದು ನೋಡತೊಡಗಿ, 1858ರಲ್ಲಿ ತನ್ನ ಪ್ರಸಿದ್ಧ ಪ್ರಬಂಧವನ್ನು ಪ್ರಕಟಿಸಿದನು. ಬೆಟ್ಟವನ್ನು ಸೂಕ್ಷ್ಮದರ್ಶಕದಿಂದ ನೋಡಹೊರಟವನೆಂದು ಆ ಕಾಲದ ದೊಡ್ಡವರು ಆತನನ್ನು ಕಂಡು ನಕ್ಕರಂತೆ. ಆ ವರ್ಷವನ್ನು ಓದುಗರು ನೆನಪಿನಲ್ಲಿಡಬೇಕು. ಅದೇ 1858ರ ಡಿಸೆಂಬರಿನಲ್ಲಿ ಇಪ್ಪತ್ನಾಲ್ಕು ವರ್ಷದ ರಾಬರ್ಟ್ ಬ್ರೂಸ್ ಫೂಟ್ ಎಂಬ ತರುಣನು ಭಾರತದ ಭೂವಿಜ್ಞಾನ ಸಮೀಕ್ಷೆಗೆ ಸೇರಿದನು.

ಆದರೆ ನನ್ನ ದೊಮ್ಮಲೂರಿನ ಚಕ್ಕೆಯ ಕಥೆ ಇನ್ನೂ ಮುಗಿಯಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟ ಮೊದಲ ದಿನ ನಾನು ಕಂಡದ್ದು ಒಂದು ಅಂಧಕಾರ, ಅದರಲ್ಲಿ ಮೂಡಿ ಮಾಯವಾಗುವ ಬೂದುಬಣ್ಣದ ತುಣುಕುಗಳು. ಕಲ್ಲನ್ನಿಟ್ಟ ಚಕ್ರವನ್ನು ಮೆಲ್ಲನೆ ತಿರುಗಿಸಿದರೆ ಪ್ರತಿ ತುಣುಕೂ ಒಂದು ಸುತ್ತಿನಲ್ಲಿ ನಾಲ್ಕು ಸಲ ಆರುತ್ತದೆ, ನಾಲ್ಕು ಸಲ ಹೊತ್ತಿಕೊಳ್ಳುತ್ತದೆ. ಕೆಲವು ವಾರಗಳಾದ ಮೇಲೆ ಮುಖಗಳ ಪರಿಚಯವಾಯಿತು. ಮೇಲಿನ ನಿಕೋಲನ್ನು ಸರಿಸಿ ನೋಡಿದರೆ, ಕಾಗೆಬಂಗಾರದ ಕಪ್ಪು ಬಗೆಯಾದ ಬಯೊಟೈಟ್ ಚಕ್ರ ತಿರುಗಿದಂತೆ ತಿಳಿಹಳದಿಯಿಂದ ಕಾಫಿಯ ಕಷಾಯದ ಬಣ್ಣಕ್ಕೆ ಇಳಿಯುತ್ತದೆ. ಅದರ ಪದರದ ಗೆರೆಗಳು ಬೆಳಕಿನ ಕಂಪನಕ್ಕೆ ಸಮಾನಾಂತರವಾದಾಗ ಅತ್ಯಂತ ಕಪ್ಪು. ಪ್ಲೇಜಿಯೊಕ್ಲೇಸ್ ಎಂಬ ಫೆಲ್ಡ್‌ಸ್ಪಾರಿಗೆ ಧೋತರದ ಅಂಚಿನಂತೆ ಕಪ್ಪುಬಿಳಿಯ ಪಟ್ಟೆಗಳು. ಮೈಕ್ರೊಕ್ಲೈನಿಗೆ ಎರಡು ದಿಕ್ಕಿನ ಪಟ್ಟೆಗಳು ಕೂಡಿ ಚೌಕಳಿ ಬಟ್ಟೆಯ ನೇಯ್ಗೆ. ಅದನ್ನು ಒಮ್ಮೆ ಕಂಡವರು ಮತ್ತೆ ಮರೆಯುವುದಿಲ್ಲ. ಬೆಣಚಿಗೆ ಬಣ್ಣವಿಲ್ಲ, ಗೆರೆಯಿಲ್ಲ, ಕೊಳೆಯಿಲ್ಲ. ನಮ್ಮ ಸೀಮೆಯ ನೈಸ್ ಶಿಲೆಯಲ್ಲಿ ಬೆಣಚು ಒಮ್ಮೆಗೇ ಆರುವುದಿಲ್ಲ. ಭೂಮಿಯ ಒತ್ತಡದಿಂದ ಹರಳು ಬಾಗಿರುವುದರಿಂದ ನೆರಳು ಅಲೆಯಂತೆ ಅದರ ಮೇಲೆ ಸರಿದುಹೋಗುತ್ತದೆ.

ನಾನು ಎಲ್ಲರಂತೆ ಎಡವಿದ್ದು ಪಟ್ಟೆಯಿಲ್ಲದ ಫೆಲ್ಡ್‌ಸ್ಪಾರಿನಲ್ಲಿ. ಅದು ಬೆಣಚಿನ ವೇಷವನ್ನು ಹಾಕಿಕೊಂಡು ಕುಳಿತಿರುತ್ತದೆ. ಎರಡನ್ನೂ ಒಂದೇ ಎಂದು ಎಣಿಸಿ, ಶಿಲೆಯಲ್ಲಿ ಬೆಣಚು ಅರ್ಧಕ್ಕಿಂತ ಹೆಚ್ಚೆಂದು ಬರೆದು ಒಪ್ಪಿಸಿದೆ. ನಮ್ಮ ಮೇಷ್ಟರು ಮಾತನಾಡದೆ ದೀಪವನ್ನು ಮಂದಮಾಡಿ, ಕೊಳವೆಯನ್ನು ಕೂದಲೆಳೆಯಷ್ಟು ಮೇಲೆತ್ತಿ, ಹರಳಿನ ಅಂಚನ್ನು ನೋಡುವಂತೆ ಸನ್ನೆ ಮಾಡಿದರು. ಅಂಚಿನಲ್ಲಿ ಬೆಳಕಿನ ಒಂದು ಸಣ್ಣ ಗೆರೆ ಬೆಣಚಿನ ಒಳಕ್ಕೆ ಸರಿಯಿತು; ಪಕ್ಕದ ಹರಳಿನಿಂದ ಹೊರಕ್ಕೆ ಸರಿಯಿತು. ಬೆಳಕನ್ನು ಹೆಚ್ಚು ಬಾಗಿಸುವ ವಸ್ತುವಿನತ್ತ ಆ ಗೆರೆ ಚಲಿಸುತ್ತದೆ. ಆ ಪೊಟ್ಯಾಷ್ ಫೆಲ್ಡ್‌ಸ್ಪಾರ್ ಸುತ್ತಲಿನ ಅಂಟಿಗಿಂತಲೂ ದುರ್ಬಲ. ನನ್ನ ಬೆಣಚಿನ ಲೆಕ್ಕ ಅರ್ಧಕ್ಕೆ ಇಳಿಯಿತು. ಹೆಸರು ಸರಿಹೋದ ಮೇಲೆ ಮೇಷ್ಟರು ಕೇಳಿದ ಪ್ರಶ್ನೆ ಬೇರೆ: ಈ ಕಲ್ಲು ನೆಲದಲ್ಲಿ ಹೇಗೆ ಬಿದ್ದಿತ್ತು, ಅದರ ಪಕ್ಕದಲ್ಲಿ ಏನಿತ್ತು, ಮೇಲೆ ಏನಿತ್ತು? ನನಗೆ ತಿಳಿದಿರಲಿಲ್ಲ. ಕಲ್ಲು ಲಾರಿಯಲ್ಲಿ ಬಂದಿತ್ತು. ಅವರು ನಕ್ಕು, ಗ್ರಂಥಾಲಯದಿಂದ ಫೂಟರ ಬಳ್ಳಾರಿ ಜಿಲ್ಲೆಯ ವರದಿಯನ್ನು ತೆಗೆಸಿ ಓದುವಂತೆ ಹೇಳಿದರು. ನಾನು ಫೂಟರನ್ನು ಅರಿತದ್ದು ಹೀಗೆ.

ಫೂಟರು ಹುಟ್ಟಿದ್ದು 1834ರ ಸೆಪ್ಟೆಂಬರಿನಲ್ಲಿ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮಿನಲ್ಲಿ. ಸಮೀಕ್ಷೆಗೆ ಸೇರಿದ ಮೇಲೆ ಮದರಾಸಿನ ಸೀಮೆ ಅವರ ಪಾಲಿಗೆ ಬಂತು. ವಿಲಿಯಮ್ ಕಿಂಗ್ ಎಂಬ ಸಹೋದ್ಯೋಗಿಯೊಡನೆ ಸೇಲಂ, ತಿರುಚಿನಾಪಳ್ಳಿ, ತಂಜಾವೂರು, ದಕ್ಷಿಣ ಆರ್ಕಾಟು ಪ್ರಾಂತಗಳನ್ನು ಅಳೆದು 1864ರಲ್ಲಿ ವರದಿ ಬರೆದರು. ಸೇಲಮಿನ ಶೆವರಾಯ್ ಬೆಟ್ಟಗಳನ್ನು ಅವರು ನೈಸ್ ಶಿಲೆಯ ಒಂದು ಬಗೆಯೆಂದು ಎಣಿಸಿದರು. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಅವರ ಹೆಸರು ಶಾಲೆಯ ಪುಸ್ತಕಗಳಲ್ಲಿ ಉಳಿದಿರುವುದು ಇನ್ನೊಂದು ಕಾರಣಕ್ಕೆ. 1863ರ ಮೇ 30ರಂದು ಮದರಾಸಿನ ಹೊರವಲಯದ ಪಲ್ಲಾವರದಲ್ಲಿ, ಜಂಬಿಟ್ಟಿಗೆಯ ಜಲ್ಲಿ ತೋಡಿದ ಗುಂಡಿಯೊಂದರಲ್ಲಿ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಸುತ್ತಲಿನ ಉರುಟುಕಲ್ಲುಗಳಿಗೂ ಅದಕ್ಕೂ ಇದ್ದ ಭೇದ ಇಷ್ಟೇ: ಅದರ ಚಕ್ಕೆಗಳು ಎರಡೂ ಮಗ್ಗುಲಿನಿಂದ, ಒಂದು ಉದ್ದೇಶದಿಂದ ಎದ್ದಿದ್ದವು. ಯೂರೋಪಿನಲ್ಲಿ ಪೂರ್ವಶಿಲಾಯುಗದ ಮನುಷ್ಯನನ್ನು ವಿದ್ವಾಂಸರು ಒಪ್ಪಿ ಆಗ ನಾಲ್ಕೇ ವರ್ಷವಾಗಿತ್ತು. ಭಾರತದಲ್ಲಿಯೂ ಆತನಿದ್ದನೆಂಬುದಕ್ಕೆ ಈ ಕೈಗೊಡಲಿ ಮೊದಲ ಸಾಕ್ಷಿಯಾಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಿಂಗರೊಡನೆ ಅತ್ತಿರಂಪಾಕ್ಕಮಿನಲ್ಲಿ ಇನ್ನಷ್ಟು ಸಿಕ್ಕವು. ಮುಂದೆ ನಲವತ್ತು ವರ್ಷ ಅವರು ಹೋದಲ್ಲೆಲ್ಲ ಆರಿಸುತ್ತಲೇ ಇದ್ದರು. ಕರ್ನೂಲಿನ ಬಿಲ್ಲಸುರ್ಗಂ ಗವಿಗಳನ್ನು ಅವರ ಮಗ ಹೆನ್ರಿಯ ನೆರವಿನಿಂದ ಅಗೆಸಿದರು. ಸಂಗ್ರಹವನ್ನು 1904ರಲ್ಲಿ ಮದರಾಸು ಸರ್ಕಾರ ಕೊಂಡುಕೊಂಡಿತು. ಇದಿಷ್ಟನ್ನೂ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನಗೆ ಹೇಳಬೇಕಾದದ್ದು ಕನ್ನಡನಾಡಿನ ಕಲ್ಲನ್ನು ಅವರು ಹೇಗೆ ಓದಿದರೆಂಬುದು.

ಬೆಳಗಾವಿ, ಧಾರವಾಡ, ವಿಜಾಪುರಗಳನ್ನೊಳಗೊಂಡ ದಕ್ಷಿಣ ಮರಾಠಾ ಸೀಮೆಯ ಮೇಲೆ ಅವರ ದೊಡ್ಡ ಗ್ರಂಥ 1876ರಲ್ಲಿ ಹೊರಬಂತು. ಅದಕ್ಕೆ ಎರಡು ವರ್ಷ ಮುಂಚೆ ಗದಗಿನ ಬಳಿಯ ಡಂಬಳದ ಬೆಟ್ಟಗಳಲ್ಲಿ, ಎಂದರೆ ನಮ್ಮ ಕಪ್ಪತಗುಡ್ಡದಲ್ಲಿ, ಚಿನ್ನವಿರುವ ಶಿಲೆಗಳನ್ನು ಕುರಿತು ಬರೆದಿದ್ದರು. ಆಗಿನ್ನೂ ಅವರ ಮನಸ್ಸಿನಲ್ಲಿ ಹಸುರುಛಾಯೆಯ ಪದರುಶಿಲೆಗಳು, ಕಬ್ಬಿಣದ ಪಟ್ಟೆಕಲ್ಲುಗಳು ಎಲ್ಲವೂ ಹಳೆಯ ನೈಸಿನ ಕುಟುಂಬಕ್ಕೇ ಸೇರಿದ್ದವು. ಆಮೇಲೆ ಬಳ್ಳಾರಿ, ಸಂಡೂರು, ಮೈಸೂರು ಸೀಮೆಗಳನ್ನು ಋತುವಿನ ಮೇಲೆ ಋತು ನಡೆದು ದಾಟಿದಂತೆ ಆ ನಂಬಿಕೆ ಸಡಿಲವಾಗುತ್ತ ಬಂತು. ಒಂದೇ ಬಗೆಯ ಪಟ್ಟಿಗಳು ಉತ್ತರದಿಂದ ದಕ್ಷಿಣಕ್ಕೆ ಮತ್ತೆ ಮತ್ತೆ ಕಾಣುತ್ತಿದ್ದವು; ಅವು ನೈಸಿನ ಮೇಲೆ ಕುಳಿತು, ಬಳಿಕ ಅದರೊಳಕ್ಕೆ ಮಡಿಸಿಕೊಂಡು ಹುದುಗಿದಂತೆ ತೋರುತ್ತಿದ್ದವು; ಅವುಗಳಲ್ಲಿ ನೀರಿನಡಿಯಲ್ಲಿ ಸಂಚಯವಾದ ಶಿಲೆಗಳ ಲಕ್ಷಣವಿತ್ತು. ತಾವೇ ಬರೆದದ್ದನ್ನು ತಾವೇ ತಿದ್ದಿ, 1880ರ ದಶಕದ ನಡುವೆ ಈ ಶಿಲೆಗಳನ್ನು ನೈಸಿನಿಂದ ಬೇರ್ಪಡಿಸಿ ಧಾರವಾಡ ಶಿಲಾವರ್ಗವೆಂಬ ಹೆಸರನ್ನಿಟ್ಟರು. ದಕ್ಷಿಣ ಭಾರತದ ಚಿನ್ನವೆಲ್ಲ ಮುಖ್ಯವಾಗಿ ಈ ವರ್ಗದ ಪಟ್ಟಿಗಳಲ್ಲಿದೆಯೆಂದು 1888ರಿಂದ ಪ್ರಕಟಿಸಿದ ಲೇಖನಗಳಲ್ಲಿ ವಾದಿಸಿದರು.

ಇದರ ಬೆಲೆ ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು. ಕೋಲಾರದಲ್ಲಿ ಹಣ ಸುರಿದು ಕೈಸುಟ್ಟುಕೊಂಡವರು ಹಲವರು. 1880ರ ದಶಕದಲ್ಲಿ ಅಲ್ಲಿ ನಿಜವಾದ ನಿಕ್ಷೇಪ ದೊರೆತ ಮೇಲೆ ಎಲ್ಲಿ ತೋಡಬೇಕು, ಎಲ್ಲಿ ತೋಡಬಾರದು ಎಂಬ ಪ್ರಶ್ನೆ ದಿವಾನ ಶೇಷಾದ್ರಿ ಅಯ್ಯರ್ ಅವರ ಸರ್ಕಾರಕ್ಕೆ ವೇದಾಂತದ ಪ್ರಶ್ನೆಯಾಗಿರಲಿಲ್ಲ. ಸಾವಿರಾರು ಚದರ ಮೈಲಿಗಳ ನೈಸ್ ಬಯಲನ್ನು ಬದಿಗಿಟ್ಟು ಕಿರಿದಾದ ಪಟ್ಟಿಗಳತ್ತ ಬೆರಳು ತೋರಿಸಿದವರು ಫೂಟರು. 1891ರಲ್ಲಿ ಸಮೀಕ್ಷೆಯಿಂದ ನಿವೃತ್ತರಾಗಿ, ಬರೋಡ ಸಂಸ್ಥಾನದಲ್ಲಿ ಕೆಲಸ ಮಾಡಿ, 1894ರಲ್ಲಿ ಮೈಸೂರು ಸರ್ಕಾರ ಭೂವಿಜ್ಞಾನ ಇಲಾಖೆಯನ್ನು ತೆರೆದಾಗ ಅದರ ಮೊದಲ ಮುಖ್ಯಸ್ಥರಾಗಿ ಬೆಂಗಳೂರಿಗೆ ಬಂದರು. ಆಗ ಅವರಿಗೆ ಅರವತ್ತು. ಕಲ್ಲಿನ ಮೇಲಿನ ಅಕ್ಷರವನ್ನು ಓದುತ್ತಿದ್ದ ರೈಸರೂ ಕಲ್ಲನ್ನೇ ಓದುತ್ತಿದ್ದ ಫೂಟರೂ ಕೆಲವು ವರ್ಷ ಒಂದೇ ಸಂಸ್ಥಾನದ ಸೇವೆಯಲ್ಲಿದ್ದರೆಂಬುದನ್ನು ನೆನೆದರೆ ನನಗೆ ಇಂದಿಗೂ ಸಂತೋಷವಾಗುತ್ತದೆ.

ಬಳ್ಳಾರಿಯ ವರದಿ 1895ರಲ್ಲಿ ಅಚ್ಚಾಯಿತು. ಅದನ್ನು ಓದುತ್ತ ನನಗೆ ಆಶ್ಚರ್ಯವಾದದ್ದು, ಇಷ್ಟನ್ನೂ ಅವರು ಬಹುಮಟ್ಟಿಗೆ ಬರಿಗಣ್ಣಿನಿಂದ ಸಾಧಿಸಿದರೆಂಬುದು. ಉತ್ತರದಲ್ಲಿ ಮೆಕ್‌ಮಹೋನ್ ಎಂಬ ಸೈನ್ಯಾಧಿಕಾರಿ ಹಿಮಾಲಯದ ಶಿಲೆಗಳನ್ನು ತೆಳುಛೇದದಲ್ಲಿ ಪರೀಕ್ಷಿಸುತ್ತಿದ್ದುದುಂಟು. ಆದರೆ ದಕ್ಷಿಣದ ನಕ್ಷೆಗಳೆಲ್ಲ ಸುತ್ತಿಗೆ, ದಿಕ್ಸೂಚಿ, ಕಾಲ್ನಡಿಗೆಗಳಿಂದ ಆದವು. ಬಳ್ಳಾರಿಯ ಬಳಿ ಸಂಗನಕಲ್ಲು, ಕಪ್ಪಗಲ್ಲುಗಳ ಬೆಟ್ಟದಲ್ಲಿ ನವಶಿಲಾಯುಗದವರ ಕೊಡಲಿಯ ಕಾರ್ಖಾನೆಯನ್ನು ಅವರು ಗುರುತಿಸಿದರು. ಬೆಟ್ಟವೆಲ್ಲ ಗ್ರಾನೈಟು, ಅದರ ನಡುವೆ ಕಪ್ಪುಶಿಲೆಯ ಒಂದು ಗೋಡೆ ಹಾಯ್ದುಹೋಗುತ್ತದೆ. ಆ ಹಳೆಯ ಕುಶಲಿಗಳು ಗ್ರಾನೈಟನ್ನು ಬಿಟ್ಟು ಕಪ್ಪುಗೋಡೆಯನ್ನೇ ಒಡೆದಿದ್ದರು. ಆ ಕಪ್ಪುಶಿಲೆ ಡಾಲರೈಟ್. ಅದರ ಛೇದವನ್ನು ನಾನು ನೋಡಿದ್ದೇನೆ: ಫೆಲ್ಡ್‌ಸ್ಪಾರಿನ ಸಣ್ಣ ಕಡ್ಡಿಗಳು ಎಲ್ಲ ದಿಕ್ಕಿಗೂ ಚಾಚಿ, ಆಗೈಟ್ ಎಂಬ ಖನಿಜದ ದೊಡ್ಡ ಹರಳುಗಳೊಳಗೆ ಹುಲ್ಲು ಸೇರಿಸಿದ ಮಣ್ಣಿನ ಗೋಡೆಯಂತೆ ಹೆಣೆದುಕೊಂಡಿರುತ್ತವೆ. ಅದು ಸುಲಭವಾಗಿ ಸೀಳುವುದಿಲ್ಲವೇಕೆ ಎಂಬುದು ನನಗೆ ಆಗ ಅರ್ಥವಾಯಿತು. ಕೊಡಲಿ ಮಾಡಿದವರಿಗೆ ನಾಲ್ಕು ಸಾವಿರ ವರ್ಷ ಮುಂಚೆಯೇ ಅದು ಅರ್ಥವಾಗಿತ್ತು.

ಫೂಟರ ಬಳಿಕ ಮೈಸೂರು ಇಲಾಖೆಗೆ ಬಂದು ಎರಡು ದಶಕಗಳಿಗೂ ಹೆಚ್ಚು ಕಾಲ ಅದನ್ನು ರೂಪಿಸಿದವರು ಡಾಕ್ಟರ್ ಡಬ್ಲ್ಯು. ಎಫ್. ಸ್ಮೀತ್. ಅವರು ಹೊಸ ವಿದ್ಯೆಯವರು. ಸಿಡ್ನಿಯಲ್ಲಿದ್ದಾಗ ಅಂಟಾರ್ಕ್ಟಿಕದಿಂದ ಬಂದ ಕಲ್ಲುಗಳ ಪರಿಶೀಲನೆಯಲ್ಲಿ ಪಾಲುಗೊಂಡಿದ್ದವರು. ಅವರ ಕೈಕೆಳಗೆ ಸಂಪತ್ ಅಯ್ಯಂಗಾರ್ ಮೊದಲಾದ ನಮ್ಮವರು ಛೇದಗಳನ್ನು ಅರೆದು, ನಿಕೋಲಿನಡಿ ನೋಡಿ, ಸಂಸ್ಥಾನದ ಮೂಲೆಮೂಲೆಯ ಶಿಲೆಗಳನ್ನು ವಿವರಿಸಿದರು. ಬೆಂಗಳೂರಿನ ತಳಪಾಯವಾಗಿರುವ ಶಿಲೆಗೆ ಪೆನಿನ್ಸುಲರ್ ನೈಸ್ ಎಂಬ ಹೆಸರನ್ನೂ ರಾಮನಗರದ ಕೆಂಪುಛಾಯೆಯ ಬೆಟ್ಟಗಳಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಹೆಸರನ್ನೂ ನಾವು ಅವರಿಂದ ಪಡೆದಿದ್ದೇವೆ. ಅವರ ಪರಿಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಆ ಪರಿಶ್ರಮ ಅವರನ್ನು ಒಂದು ವಿಚಿತ್ರವಾದ ನಿಲುವಿಗೆ ಒಯ್ದಿತು. ಧಾರವಾಡ ಶಿಲೆಗಳಲ್ಲಿ ಬಹುತೇಕ ಎಲ್ಲವೂ ಅಗ್ನಿಶಿಲೆಗಳೇ. ನೀರಿನಲ್ಲಿ ಸಂಚಯವಾದದ್ದು ಅತ್ಯಲ್ಪ. ಫೂಟರು ಉರುಟುಕಲ್ಲಿನ ಪದರವೆಂದು ಕರೆದದ್ದು ನದಿಯ ಕಲ್ಲುಗಳಲ್ಲ, ಒತ್ತಡಕ್ಕೆ ಸಿಕ್ಕು ಇದ್ದಲ್ಲಿಯೇ ಪುಡಿಯಾಗಿ ಉರುಳಿದ ಚೂರುಗಳು. ನೈಸೂ ಧಾರವಾಡಕ್ಕಿಂತ ಹಳೆಯದಲ್ಲ, ಅದರೊಳಕ್ಕೆ ನುಗ್ಗಿದ ಕಿರಿಯ ಶಿಲೆ. ಈ ನಿಲುವು 1916ರ ಅವರ ಗ್ರಂಥದಲ್ಲಿ ಭದ್ರವಾಗಿ ನೆಲೆಗೊಂಡು, ಮೈಸೂರಿನಲ್ಲಿ ಬಹುಕಾಲ ಅಧಿಕೃತವಾಗಿ ಉಳಿಯಿತು.

ಇದು ಅಜ್ಞಾನದಿಂದ ಆದ ತಪ್ಪಲ್ಲ. ನಾನೂ ಅದೇ ತಪ್ಪನ್ನು ಮಾಡಿದವನಾದ್ದರಿಂದ ಅದರ ದಾರಿಯನ್ನು ಬಲ್ಲೆ. ಎರಡನೆಯ ವರ್ಷದಲ್ಲಿ ನಮಗೆ ಊರಿನ ಹೆಸರಿಲ್ಲದ ಛೇದಗಳ ಒಂದು ಪೆಟ್ಟಿಗೆಯನ್ನು ಕೊಡುತ್ತಿದ್ದರು. ಅದರಲ್ಲಿ ಒಂದನ್ನು ನಾನು ಹಲವು ದಿನ ನೋಡಿದೆ. ಕ್ಲೋರೈಟಿನ ಹಸುರು ಎಳೆಗಳು ನದಿಯಂತೆ ಬಳುಕಿ ಹರಿದಿದ್ದವು. ಅವುಗಳ ನಡುವೆ ಬೆಣಚು, ಫೆಲ್ಡ್‌ಸ್ಪಾರುಗಳ ಮಸೂರಾಕಾರದ ಗುಂಪುಗಳು. ಅಂಚುಗಳೆಲ್ಲ ನುಚ್ಚಾಗಿದ್ದವು, ಹರಳುಗಳೆಲ್ಲ ಬಾಗಿದ್ದವು. ಖನಿಜಗಳ ಹೆಸರುಗಳಲ್ಲಿ ಒಂದೂ ತಪ್ಪಲಿಲ್ಲ. ಕೊನೆಗೆ, ಜಜ್ಜಿಹೋದ ಗ್ರಾನೈಟ್ ಎಂದು ಧೈರ್ಯದಿಂದ ಬರೆದೆ. ಮೇಷ್ಟರು ಉತ್ತರವನ್ನು ತಿದ್ದಲಿಲ್ಲ. ಮುಂದಿನ ಪ್ರವಾಸದಲ್ಲಿ ತರೀಕೆರೆಯ ಸೀಮೆಯ ಕಲ್ದುರ್ಗದ ಬಂಡೆಯ ಮುಂದೆ ನಿಲ್ಲಿಸಿ, ನನ್ನ ಛೇದ ಇಲ್ಲಿಯದೆಂದರು.

ಬಂಡೆಯ ಮೈತುಂಬ ಕಲ್ಲುಗಳು. ಮುಷ್ಟಿಯಷ್ಟು, ತಲೆಯಷ್ಟು, ಇನ್ನೂ ದೊಡ್ಡವು. ಒತ್ತಡಕ್ಕೆ ಸಿಕ್ಕು ಕೆಲವು ನೀಳವಾಗಿದ್ದರೂ ನೀರಿನಲ್ಲಿ ಉರುಳಿ ನುಣುಪಾದ ರೂಪ ಮಾಸಿರಲಿಲ್ಲ. ಇದ್ದಲ್ಲಿಯೇ ಪುಡಿಯಾದ ಒಂದೇ ಶಿಲೆಯಾಗಿದ್ದರೆ ಎಲ್ಲ ಚೂರುಗಳೂ ಒಂದೇ ಜಾತಿಯಾಗಬೇಕು. ಇಲ್ಲಿ ಗ್ರಾನೈಟಿನ ಪಕ್ಕದಲ್ಲಿ ಬೆಣಚುಶಿಲೆ, ಅದರ ಪಕ್ಕದಲ್ಲಿ ಕಪ್ಪು ಹಾರ್ನ್‌ಬ್ಲೆಂಡ್ ಶಿಲೆ. ಬೇರೆ ಬೇರೆ ಮನೆಗಳಿಂದ ಬಂದು ಒಂದು ಛತ್ರದಲ್ಲಿ ತಂಗಿದವರಂತೆ. ನನ್ನ ಛೇದ ಕೊಯ್ದದ್ದು ಅಂಥ ಎರಡು ಕಲ್ಲುಗಳ ನಡುವಿನ ಸಂದಿಯನ್ನು. ಹೆಬ್ಬೆರಳಿನ ಉಗುರಿನಗಲದ ಕಿಟಕಿಯಿಂದ ನೋಡಿದವನಿಗೆ ಮೊಳವಗಲದ ಕಲ್ಲು ಕಾಣುವುದೆಂತು? ಇನ್ನೊಂದು ಮಾತನ್ನೂ ಆ ಬಂಡೆ ಹೇಳುತ್ತಿತ್ತು: ಧಾರವಾಡದ ಪದರದೊಳಗೆ ಗ್ರಾನೈಟಿನ ಉರುಟುಕಲ್ಲು ಸಿಕ್ಕಬೇಕಾದರೆ, ಆ ಪದರ ಕೂಡುವುದಕ್ಕೆ ಮುಂಚೆಯೇ ಗ್ರಾನೈಟಿನ ನೆಲವೊಂದು ಮೇಲೆದ್ದು, ಸವೆದು, ಹೊಳೆಗೆ ಬಿದ್ದಿರಬೇಕು. ಫೂಟರು ಊಹಿಸಿದ್ದ ಹಳೆಯ ನೆಲ ಅದೇ.

ಇಲಾಖೆಯೊಳಗೇ ತಿದ್ದುಪಡಿ ಆಯಿತೆಂಬುದು ನಮ್ಮವರ ಹೆಮ್ಮೆ. ಬಿ. ರಾಮರಾಯರು, ಸಿ. ಎಸ್. ಪಿಚ್ಚಮುತ್ತು ಮೊದಲಾದವರು 1930ರ ದಶಕದಲ್ಲಿ ಮತ್ತೆ ಬೆಟ್ಟಗಳಿಗೆ ಹೋದರು. ಶಿಲೆಗಳ ಮೇಲೆ ನೀರಿನ ಅಲೆಯ ಗುರುತುಗಳು, ಪ್ರವಾಹದಿಂದಾದ ಓರ ಪದರಗಳು ಕಂಡವು. ರಾಮರಾಯರು 1940ರಲ್ಲಿ ಪ್ರಕಟಿಸಿದ ವಿಸ್ತಾರವಾದ ಬರಹದಲ್ಲಿ ಸಂಚಯಶಿಲೆಗಳಿಗೆ ಅವುಗಳ ಸ್ಥಾನ ಮರಳಿ ದೊರೆಯಿತು. ಹಾಗೆಂದು ಸ್ಮೀತರು ಪೂರ್ತಿ ಸೋತರೆಂದು ಯಾರೂ ಭಾವಿಸಬಾರದು. ಧಾರವಾಡದಲ್ಲಿ ಅಗ್ನಿಶಿಲೆಗಳು ಬಹಳವಾಗಿವೆಯೆಂಬುದು ನಿಜ. ಚಿತ್ರದುರ್ಗದ ಬಳಿ ಮರಡಿಹಳ್ಳಿಯಲ್ಲಿ ಸಮುದ್ರದೊಳಗೆ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾ ಎಲ್ಲರಿಗೂ ಕಾಣುವಂತೆ ಬಿದ್ದಿದೆ. ನೈಸಿನಲ್ಲಿಯೂ ಒಂದೇ ತಲೆಮಾರಿಲ್ಲ: ಮುನ್ನೂರು ಕೋಟಿ ವರ್ಷಕ್ಕೂ ಹಿಂದಿನ ಭಾಗಗಳುಂಟು, ಧಾರವಾಡದ ಅನಂತರ ಕರಗಿ ಮೇಲೆದ್ದ ಭಾಗಗಳುಂಟು, ಕ್ಲೋಸ್‌ಪೇಟ್ ಗ್ರಾನೈಟಂತೂ ಸುಮಾರು ಇನ್ನೂರೈವತ್ತು ಕೋಟಿ ವರ್ಷದ್ದು, ಸ್ಮೀತರು ಹೇಳಿದಂತೆ ಕಿರಿಯದೇ.

ಈಗ ಶೆವರಾಯ್ ಬೆಟ್ಟಕ್ಕೆ ಹಿಂದಿರುಗಬೇಕು. ಫೂಟರ ಮೊದಲ ಹೆಂಡತಿ, ತಮಿಳು ವಿದ್ವಾಂಸರಾದ ಪೀಟರ್ ಪರ್ಸಿವಲ್ ಪಾದ್ರಿಗಳ ಮಗಳು. ಮೈಸೂರಿನ ಕೆಲಸವನ್ನು ಬಿಟ್ಟ ಮೇಲೆ ಫೂಟರು ಆ ಬೆಟ್ಟದ ಮೇಲಿನ ಏರ್ಕಾಡಿನಲ್ಲಿ ನೆಲೆಸಿ, ತಮ್ಮ ಶಿಲಾಯುಧಗಳ ವಿವರಪಟ್ಟಿಯನ್ನು ಸಿದ್ಧಪಡಿಸುತ್ತ ಮುಪ್ಪನ್ನು ಕಳೆದರು. ಆ ಪುಸ್ತಕಗಳು ಅಚ್ಚಾಗಿ ಬಂದದ್ದು ಅವರು ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ.

ಅಷ್ಟರಲ್ಲಿ ಸಮೀಕ್ಷೆಗೆ 1890ರಲ್ಲಿ ಥಾಮಸ್ ಹಾಲೆಂಡ್ ಎಂಬ ಇಪ್ಪತ್ತೆರಡರ ತರುಣನು ಬಂದಿದ್ದನು. ಕಲ್ಕತ್ತೆಯ ಸೇಂಟ್ ಜಾನ್ಸ್ ಚರ್ಚಿನ ಆವರಣದಲ್ಲಿ, ಆ ನಗರದ ಸ್ಥಾಪಕನೆಂದು ಹೇಳಲಾಗುತ್ತಿದ್ದ ಜಾಬ್ ಚಾರ್ನಾಕನ ಗೋರಿಯಿದೆ. ಅದರ ಚಪ್ಪಡಿ ಬಂಗಾಳದ ಕಲ್ಲಲ್ಲ. ಹಾಲೆಂಡರು ಆ ಶಿಲೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಬೆಣಚು ಫೆಲ್ಡ್‌ಸ್ಪಾರುಗಳೊಡನೆ ಹೈಪರ್ಸ್ತೀನ್ ಎಂಬ ಖನಿಜ ಅದರಲ್ಲಿ ಇರುವುದನ್ನು ಕಂಡು, ಇದು ಬೇರೆಯೇ ಒಂದು ಜಾತಿಯೆಂದು ನಿಶ್ಚಯಿಸಿ, 1893ರಲ್ಲಿ ಚಾರ್ನಾಕೈಟ್ ಎಂದು ಹೆಸರಿಟ್ಟರು. ಆ ಚಪ್ಪಡಿ ಮದರಾಸಿನ ಬಳಿಯ ಸೇಂಟ್ ಥಾಮಸ್ ಮೌಂಟ್–ಪಲ್ಲಾವರದ ಗುಡ್ಡಗಳ ಕಲ್ಲು. ಯಾವ ಪಲ್ಲಾವರ? ಮೂವತ್ತು ವರ್ಷ ಹಿಂದೆ ಫೂಟರು ಬಗ್ಗಿ ಕೈಗೊಡಲಿಯನ್ನು ಎತ್ತಿಕೊಂಡ ಪಲ್ಲಾವರ. 1900ರಲ್ಲಿ ಹಾಲೆಂಡರು ಬರೆದ ಗ್ರಂಥದಲ್ಲಿ, ಕಿಂಗ್ ಮತ್ತು ಫೂಟರು ನೈಸ್ ಎಂದು ಬಣ್ಣ ಹಚ್ಚಿದ್ದ ಶೆವರಾಯ್ ಬೆಟ್ಟಗಳು ಚಾರ್ನಾಕೈಟಿನ ಬೆಟ್ಟಗಳಾದವು. ಬಹುದೂರದ ಪಟ್ಟಿಗಳನ್ನು ಸರಿಯಾಗಿ ಓದಿದ ಹಿರಿಯರು, ತಾವು ಮೊದಲು ನಡೆದ ಬೆಟ್ಟವನ್ನೂ ಕೊನೆಗೆ ಮನೆ ಮಾಡಿಕೊಂಡ ಬೆಟ್ಟವನ್ನೂ ಗುರುತಿಸಿರಲಿಲ್ಲ. ಬರಿಗಣ್ಣಿಗೆ ಅದು ಎಣ್ಣೆಜಿಡ್ಡಿನ ಕಂದುಹಸುರು ಬಣ್ಣದ ಗಟ್ಟಿಕಲ್ಲು, ಅಷ್ಟೇ.

ನನ್ನ ಊರಿನ ನೈಸಿಗೂ ಈ ಶಿಲೆಗೂ ಇರುವ ನಂಟು ಇನ್ನೂ ತಡವಾಗಿ ಹೊರಬಿತ್ತು. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ಸೀಮೆಯ ಕಬ್ಬಾಳದುರ್ಗದ ಕಲ್ಲುಗಣಿಯಲ್ಲಿ ಬೂದುಬಣ್ಣದ ನೈಸಿನ ಮೈಮೇಲೆ ಕಪ್ಪುಹಸುರಿನ ಮಚ್ಚೆಗಳೂ ಎಳೆಗಳೂ ಇವೆ. ನೈಸಿನ ಪಟ್ಟೆಗಳು ಆ ಮಚ್ಚೆಯನ್ನು ಮುಟ್ಟಿ ಅದರೊಳಗೆ ಮಸುಕಾಗುತ್ತವೆ. ಬಯೊಟೈಟ್, ಹಾರ್ನ್‌ಬ್ಲೆಂಡ್‌ಗಳು ತಮ್ಮೊಳಗಿನ ನೀರನ್ನು ಕಳೆದುಕೊಂಡು ಹೈಪರ್ಸ್ತೀನ್ ಆಗುತ್ತಿರುವ ಸ್ಥಿತಿಯಲ್ಲಿಯೇ ಕಲ್ಲು ನಿಂತುಬಿಟ್ಟಿದೆ. ಇದನ್ನು ಪಿಚ್ಚಮುತ್ತು ಅವರು 1960ರಲ್ಲಿ ಎರಡು ಪುಟಗಳ ಲೇಖನದಲ್ಲಿ ನೇಚರ್ ಪತ್ರಿಕೆಯ ಮೂಲಕ ಲೋಕಕ್ಕೆ ತಿಳಿಸಿದರು. ಅಂದಿನಿಂದ ಅನೇಕ ದೇಶಗಳ ಭೂವಿಜ್ಞಾನಿಗಳು ಆ ಗಣಿಯನ್ನು ಹುಡುಕಿಕೊಂಡು ಬಂದಿದ್ದಾರೆ.

ಫೂಟರು 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ, ಚಾರ್ನಾಕನ ಗೋರಿಯಿರುವ ಊರಿನಲ್ಲಿಯೇ ತೀರಿಕೊಂಡರು. ಅವರ ಸ್ಮಾರಕ ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿದೆ. ಕೆಲವು ವರ್ಷಗಳ ಕೆಳಗೆ ನಾನು ಅಲ್ಲಿಗೆ ಹೋಗಿದ್ದೆ. ಚರ್ಚಿನ ಕಲ್ಲನ್ನು ಮುಟ್ಟುವುದು ಸಲ್ಲದೆಂದು, ಹಿಂದಿರುಗುವಾಗ ರಸ್ತೆ ಅಗಲಿಸಲು ಒಡೆದು ಗುಡ್ಡೆಹಾಕಿದ್ದ ಜಲ್ಲಿಯಿಂದ ಒಂದು ಚೂರನ್ನು ಜೇಬಿಗೆ ಹಾಕಿಕೊಂಡೆ. ಆದರೆ ಅದಕ್ಕೂ ಮುಂಚೆ ರಸ್ತೆಯ ಬದಿಯ ಬಂಡೆಯ ಮುಂದೆ ಬಹಳ ಹೊತ್ತು ನಿಂತು, ಪದರು ಯಾವ ದಿಕ್ಕಿಗೆ ಬಾಗಿದೆ, ಪಕ್ಕದಲ್ಲಿ ಏನಿದೆ ಎಂಬುದನ್ನು ಪುಸ್ತಕದಲ್ಲಿ ಬರೆದುಕೊಂಡೆ.

ದೊಮ್ಮಲೂರಿನ ಮನೆಯಲ್ಲಿ ಅದನ್ನು ಅರೆಯಲು ಮೂರು ಸಂಜೆ ಹಿಡಿಯಿತು. ಈಗ ಕೈ ಪಳಗಿದೆ. ಬೆಣಚು ಬೂದುಬಿಳುಪಿಗೆ ಬಂದಾಗ ನಿಲ್ಲಿಸಿದೆ. ಮೇಲಿನ ನಿಕೋಲನ್ನು ಸರಿಸಿ ಚಕ್ರವನ್ನು ತಿರುಗಿಸಿದೆ. ನಡುವಿನಲ್ಲಿ ಒಂದು ಹರಳು, ಸುಮಾರು ಲಂಬವಾಗಿ ಹಾಯುವ ಎರಡು ಜೊತೆ ಬಿರುಕುಗೆರೆಗಳುಳ್ಳದ್ದು, ಮೊದಲು ಮಾಸಲು ಹಸುರಾಗಿ ಕಂಡಿತು. ಕಾಲು ಸುತ್ತು ತಿರುಗುವಷ್ಟರಲ್ಲಿ ತಿಳಿ ಗುಲಾಬಿಗೆ ತಿರುಗಿತು. ಆ ಗಾಜಿನ ಪಟ್ಟಿಗೆ ಊರು, ಬಂಡೆ, ಪದರಿನ ದಿಕ್ಕು, ತಾರೀಖುಗಳನ್ನು ಬರೆದ ಚೀಟಿಯನ್ನು ಅಂಟಿಸಿ, ಪೆಟ್ಟಿಗೆಯಲ್ಲಿ ಸೈಜುಗಲ್ಲಿನ ಛೇದದ ಪಕ್ಕದ ಸಂದಿನಲ್ಲಿ ಇಟ್ಟಿದ್ದೇನೆ. ಹಳೆಯದರ ಮೇಲೆ ಊರಿನ ಹೆಸರನ್ನು ಬಿಟ್ಟು ಬೇರೇನೂ ಬರೆದಿಲ್ಲ.